ಅನಾನಸ್ ವಾಸನೆಯಿಂದ ಹಳೇ ಕಾರಿನ ಹೊಗೆವರೆಗೆ

1980ರಲ್ಲಿ ಅಮೆರಿಕದ ಬೇರೆ ರಾಜ್ಯಗಳಲ್ಲಿ ಷೆವರ್ಲೆ ಕಾರ್ವೆಟ್ ಕೊಂಡವರಿಗೆ 5.7 ಲೀಟರ್ ವಿ8 ಎಂಜಿನ್ ಸಿಗ್ತಿತ್ತು, 190 ಹಾರ್ಸ್‌ಪವರ್. ಕ್ಯಾಲಿಫೋರ್ನಿಯಾದಲ್ಲಿ ಕೊಂಡವರಿಗೆ 5 ಲೀಟರ್ ಎಂಜಿನ್, 180 ಹಾರ್ಸ್‌ಪವರ್, ಅದೂ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಮಾತ್ರ. ಹೆಸರು ಅದೇ, ಬಾಡಿ ಅದೇ, ಆದರೆ ಎಂಜಿನ್ನೇ ಬೇರೆ! ಆ ಕಾಲದ ಅಮೆರಿಕನ್ ಕಾರನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳೋರು ಎಷ್ಟು ಕಿಲೋಮೀಟರ್ ಓಡಿದೆ ಅಂತ ಕೇಳೋದರ ಜೊತೆಗೆ, ಇದು ಕ್ಯಾಲಿಫೋರ್ನಿಯಾ ಗಾಡಿಯಾ, ಉಳಿದ 49 ರಾಜ್ಯಗಳ ಗಾಡಿಯಾ ಅಂತಲೂ ಕೇಳ್ತಾರೆ. ಬಾನೆಟ್ ಎತ್ತಿ ಎಮಿಷನ್ ಸ್ಟಿಕ್ಕರ್ ಓದಿದರೆ ಉತ್ತರ ಸಿಗುತ್ತೆ.

ಒಂದೇ ದೇಶದಲ್ಲಿ ಒಂದು ರಾಜ್ಯಕ್ಕೆ ಮಾತ್ರ ಬೇರೆ ಕಾರು ಯಾಕೆ? ಈ ಪ್ರಶ್ನೆ ಹಿಡಿದು ಹಿಂದಕ್ಕೆ ಹೋಗ್ತಾ ಹೋದರೆ ನಮಗೆ ಸಿಗೋದು ಒಬ್ಬ ಆಟೊಮೊಬೈಲ್ ಎಂಜಿನಿಯರ್ ಅಲ್ಲ, ಅನಾನಸ್ ಹಣ್ಣಿನ ವಾಸನೆ ಎಲ್ಲಿಂದ ಬರುತ್ತೆ ಅಂತ ಹುಡುಕ್ತಾ ಕೂತಿದ್ದ ಒಬ್ಬ ಕೆಮಿಸ್ಟ್. ಹೆಸರು ಆರಿ ಯಾನ್ ಹಾಗೆನ್-ಸ್ಮಿಟ್. ಗೆಳೆಯರು ಚಿಕ್ಕದಾಗಿ ಹಾಗಿ ಅಂತ ಕರೀತಿದ್ದರಂತೆ.

ಅವರು ಹುಟ್ಟಿದ್ದು 1900ರ ಡಿಸೆಂಬರ್ 22ರಂದು, ನೆದರ್‌ಲೆಂಡ್ಸ್‌ನ ಯೂಟ್ರೆಕ್ಟ್ ಊರಿನಲ್ಲಿ. ತಂದೆ ಅಲ್ಲಿನ ನಾಣ್ಯ ಟಂಕಸಾಲೆಯಲ್ಲಿ ಕೆಮಿಸ್ಟ್. ಮಗ ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ಓದಿ 1929ರಲ್ಲಿ ಪಿಎಚ್‌ಡಿ ಮುಗಿಸಿದರು. ವಿಷಯ ಟರ್ಪೀನ್ ಗುಂಪಿನ ರಾಸಾಯನಿಕಗಳು, ಅಂದರೆ ಗಿಡಮರಗಳಿಗೆ ವಾಸನೆ ಕೊಡುವ ಎಣ್ಣೆಗಳು. ಆಮೇಲೆ ಅಲ್ಲೇ ಫ್ರಿಟ್ಜ್ ಕೋಗ್ಲ್ ಅವರ ತಂಡದಲ್ಲಿ ಸೇರಿ, ಗಿಡ ಬೆಳೆಯುವಂತೆ ಮಾಡುವ ಹಾರ್ಮೋನು ಯಾವುದು ಅಂತ ಹುಡುಕಿದರು. ಪಿಯುಸಿಯಲ್ಲಿ ಬಯಾಲಜಿ ತಗೊಂಡವರಿಗೆ ನೆನಪಿರಬಹುದು, ಆಕ್ಸಿನ್ ಮೊದಲು ಸಿಕ್ಕಿದ್ದು ಮನುಷ್ಯರ ಮೂತ್ರದಲ್ಲಿ ಅಂತ ಒಂದು ಸಾಲು ಬರುತ್ತೆ, ಕ್ಲಾಸಿಗೆ ಕ್ಲಾಸೇ ನಗುತ್ತೆ. ಆ ಕೆಲಸ ಮಾಡಿದ ತಂಡ ಇದೇ. ಲೀಟರ್‌ಗಟ್ಟಲೆ ಮೂತ್ರದಿಂದ ಒಂದು ಚಿಟಿಕೆ ವಸ್ತು ಬೇರ್ಪಡಿಸೋದು ಅಂದರೆ ಎಂಥ ತಾಳ್ಮೆ ಬೇಕು, ಎಂಥ ಮೂಗು ಬೇಕು ಅಂತ ಯೋಚನೆ ಮಾಡಿ. ಬಹಳ ದೊಡ್ಡ ರಾಶಿಯಲ್ಲಿ ಬಹಳ ಚಿಕ್ಕದನ್ನು ಹುಡುಕುವ ಈ ಕಲೆಯೇ ಮುಂದೆ ಅವರ ಜೀವನವನ್ನು ತಿರುಗಿಸಿತು.

1936ರಲ್ಲಿ ಅಮೆರಿಕಕ್ಕೆ ಹೋದರು. ಮೊದಲು ಹಾರ್ವರ್ಡ್, ಮರುವರ್ಷ ಲಾಸ್ ಏಂಜಲೀಸ್ ಪಕ್ಕದ ಪ್ಯಾಸಡೀನಾದಲ್ಲಿರುವ ಕ್ಯಾಲ್‌ಟೆಕ್. 1940ರ ಹೊತ್ತಿಗೆ ಅಲ್ಲಿ ಪ್ರೊಫೆಸರ್. ಪೆಟ್ಟು ತಿಂದ ಹುರುಳಿ ಜಾತಿಯ ಕಾಯಿ ಗಾಯ ಮುಚ್ಚಿಕೊಳ್ಳಲು ಯಾವ ರಾಸಾಯನಿಕ ಬಳಸುತ್ತೆ, ಈರುಳ್ಳಿ ಬೆಳ್ಳುಳ್ಳಿ ಯಾಕೆ ಹಾಗೆ ನಾರುತ್ತವೆ, ಇಂಥವೇ ಅವರ ಕೆಲಸಗಳು. 1940ರ ದಶಕದ ಮಧ್ಯದಲ್ಲಿ ಹಿಡಿದಿದ್ದು ಅನಾನಸ್. ಹಣ್ಣಿನ ಮೇಲಿನ ಗಾಳಿಯನ್ನು ಎಳೆದು, ತುಂಬಾ ತಣ್ಣಗಿರುವ ಟ್ರ್ಯಾಪ್‌ಗಳ ಮೂಲಕ ಹಾಯಿಸಿ, ಅಲ್ಲಿ ಮಂಜಿನ ಹಾಗೆ ಕೂತ ಹನಿಗಳನ್ನು ಒಂದೊಂದಾಗಿ ಬೇರ್ಪಡಿಸಿ ನೋಡೋದು. ಫೀಲ್ಡ್ ಚೆನ್ನಾಗಿತ್ತು, ಯಾರ ಜೊತೆಗೂ ಜಗಳ ಇರಲಿಲ್ಲ.

ಲ್ಯಾಬ್ ಕಿಟಕಿಯ ಹೊರಗೆ ಮಾತ್ರ ಪರಿಸ್ಥಿತಿ ಬೇರೆ ಇತ್ತು. 1943ರ ಜುಲೈ ಕೊನೆಯಲ್ಲಿ ಒಂದು ದಿನ ಲಾಸ್ ಏಂಜಲೀಸ್‌ನಲ್ಲಿ ಎಂಥ ಮಬ್ಬು ಕವಿಯಿತು ಅಂದರೆ, ಯುದ್ಧದ ಸಮಯ ಬೇರೆ, ಶತ್ರುಗಳು ವಿಷಗಾಳಿ ಬಿಟ್ಟಿದ್ದಾರೆ ಅಂತ ಜನ ಹೆದರಿದರು. ಕಣ್ಣುರಿ, ಗಂಟಲು ಕೆರೆತ. ಮೊದಲ ಅನುಮಾನ ಬಿದ್ದದ್ದು ಊರೊಳಗಿನ ಒಂದು ಬ್ಯುಟಡೈಯೀನ್ ಫ್ಯಾಕ್ಟರಿ ಮೇಲೆ, ಅಂದರೆ ಕೃತಕ ರಬ್ಬರ್‌ಗೆ ಕಚ್ಚಾವಸ್ತು ಮಾಡುವ ಜಾಗ. ಅದನ್ನು ಮುಚ್ಚಿಸಿದರೂ ಮಬ್ಬು ಹೋಗಲಿಲ್ಲ. ಆಮೇಲೆ ಅನುಮಾನ ಗಂಧಕದ ಹೊಗೆ ಬಿಡುವ ರಿಫೈನರಿಗಳ ಮೇಲೆ, ಹಿತ್ತಲಲ್ಲಿ ಕಸ ಸುಡುವ ಮನೆಗಳ ಮೇಲೆ. ಲಂಡನ್ನಿನ ಮಬ್ಬಿಗೆ ಕಲ್ಲಿದ್ದಲಿನ ಗಂಧಕ ಕಾರಣ ಅಂತ ಗೊತ್ತಿತ್ತು, ಇಲ್ಲಿಯೂ ಅದೇ ಇರಬೇಕು ಅಂತ ಎಲ್ಲರ ಲೆಕ್ಕ. 1947ರಲ್ಲಿ ಲಾಸ್ ಏಂಜಲೀಸ್ ಕೌಂಟಿ ವಾಯುಮಾಲಿನ್ಯಕ್ಕೆ ಅಂತಲೇ ಒಂದು ಇಲಾಖೆ ಮಾಡಿತು.

ಆದರೆ ಒಂದು ವಿಷಯ ಮಾತ್ರ ಗಂಧಕದ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ. ಸುತ್ತಲಿನ ರೈತರ ಪಾಲಕ್, ಲೆಟ್ಯೂಸ್ ಎಲೆಗಳ ಮೇಲೆ ಬೆಳ್ಳಿ ಬಣ್ಣದ, ಕಂಚಿನ ಬಣ್ಣದ ಕಲೆಗಳು ಬರ್ತಿದ್ದವು. ಗಂಧಕದ ಹೊಗೆ ಮಾಡುವ ಕಲೆ ಈ ಥರ ಇರೋದಿಲ್ಲ. ಗಿಡದ ವಿಷಯ ಅಂದಮೇಲೆ ಹಾಗೆನ್-ಸ್ಮಿಟ್ ಹತ್ತಿರ ಬಂದರು. ಅವರು ಅನಾನಸ್‌ಗೆ ಬಳಸಿದ ಅದೇ ಟ್ರ್ಯಾಪ್‌ಗಳಿಗೆ ಊರಿನ ಗಾಳಿಯನ್ನು ಎಳೆದರು. ಅಷ್ಟು ಗಾಳಿಯಿಂದ ಸಿಕ್ಕಿದ್ದು ಕೆಲವೇ ಹನಿ, ಕಂದು ಬಣ್ಣದ, ನಾರುವ ದ್ರವ. ಅದರಲ್ಲಿ ಅರ್ಧ ಆಕ್ಸಿಡೈಸ್ ಆದ ಸಾವಯವ ವಸ್ತುಗಳು, ಅಂದರೆ ಪೆಟ್ರೋಲಿನ ಆವಿ ಎಲ್ಲೋ ಹೋಗಿ ಏನೋ ಆಗಿ ಬಂದಂತಿರುವ ವಸ್ತುಗಳು ಇದ್ದವು. ಯಾವುದೋ ಬಲವಾದ ಆಕ್ಸಿಡೈಸರ್ ಗಾಳಿಯಲ್ಲೇ ತಯಾರಾಗ್ತಿದೆ ಅಂತ ಅವರಿಗೆ ಹೊಳೆಯಿತು. ಅದು ಓಝೋನ್.

ಓಝೋನ್ ಯಾವ ಚಿಮಣಿಯಿಂದಲೂ ಬರೋದಿಲ್ಲ, ಯಾವ ಸೈಲೆನ್ಸರ್‌ನಿಂದಲೂ ಬರೋದಿಲ್ಲ. ಇದನ್ನು ಹಿಡಿದದ್ದೇ ಅವರ ದೊಡ್ಡತನ ಅಂತ ನಮಗನಿಸುತ್ತೆ. ಎಂಜಿನ್ನಿನಿಂದ ಬರೋದು ಎರಡು: ಪೂರ್ತಿ ಸುಡದ ಹೈಡ್ರೋಕಾರ್ಬನ್, ಮತ್ತು ನೈಟ್ರೋಜನ್ ಆಕ್ಸೈಡ್‌ಗಳು, ನಾವು ನಾಕ್ಸ್ ಅಂತ ಕರೆಯೋದು. ಇವೆರಡರ ಮೇಲೆ ಬಿಸಿಲು ಬಿದ್ದಾಗ ನೈಟ್ರೋಜನ್ ಡೈಆಕ್ಸೈಡ್ ಒಡೆದು ಒಂಟಿ ಆಕ್ಸಿಜನ್ ಪರಮಾಣು ಬಿಡುಗಡೆ ಆಗುತ್ತೆ, ಅದು ಆಕ್ಸಿಜನ್ ಜೊತೆ ಸೇರಿ ಓಝೋನ್ ಆಗುತ್ತೆ. ಹೈಡ್ರೋಕಾರ್ಬನ್ ಇಲ್ಲದೇ ಇದ್ದರೆ ಆ ಓಝೋನ್ ವಾಪಸ್ ಕರಗಿ ಹೋಗ್ತಿತ್ತು. ಹೈಡ್ರೋಕಾರ್ಬನ್ ಇರೋದರಿಂದ ಅದು ಸೇರ್ತಾ ಹೋಗುತ್ತೆ. ಲಾಸ್ ಏಂಜಲೀಸ್‌ಗೆ ಮೂರು ಕಡೆ ಬೆಟ್ಟ, ಒಂದು ಕಡೆ ಸಮುದ್ರ, ಮೇಲೆ ಮುಚ್ಚಳದ ಹಾಗೆ ಬಿಸಿಗಾಳಿಯ ಪದರ, ಬೇಕಾದಷ್ಟು ಬಿಸಿಲು. ಇಡೀ ಊರೇ ಒಂದು ಫ್ಲಾಸ್ಕ್. ಅವರು ನಿಜವಾದ ಫ್ಲಾಸ್ಕ್‌ನಲ್ಲೂ ಇದನ್ನು ಮಾಡಿ ತೋರಿಸಿದರು, ಆ ಗಾಳಿಯನ್ನು ಗಿಡಗಳಿಗೆ ಕೊಟ್ಟು ಅದೇ ಬೆಳ್ಳಿ ಕಲೆ ಬರಿಸಿದರು. ಓಝೋನ್ ಅಳೆಯೋಕೆ ಬಳಸಿದ್ದು ರಬ್ಬರ್ ಪಟ್ಟಿ! ಬಗ್ಗಿಸಿ ಇಟ್ಟ ರಬ್ಬರ್ ಓಝೋನ್‌ನಲ್ಲಿ ಬಿರುಕು ಬಿಡುತ್ತೆ, ಎಷ್ಟು ಬೇಗ ಬಿಡುತ್ತೆ ಅನ್ನೋದು ಅಳತೆ. ಆ ಊರಿನಲ್ಲಿ ಟೈರ್‌ಗಳು ಬೇಗ ಬಿರುಕು ಬಿಡ್ತಿದ್ದುದಕ್ಕೂ ಇದೇ ಕಾರಣ. 1952ರಲ್ಲಿ ಇದೆಲ್ಲ ಪೇಪರ್ ಆಗಿ ಬಂತು.

ಪೆಟ್ರೋಲಿಯಂ ಕಂಪನಿಗಳ ಸಂಘಕ್ಕೆ ಇದು ರುಚಿಸಲಿಲ್ಲ. ಅವರ ದುಡ್ಡಿನಲ್ಲಿ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಬೇರೆ ಅಧ್ಯಯನ ನಡೆಸ್ತಿತ್ತು, ಅಲ್ಲಿನವರು ಹಾಗೆನ್-ಸ್ಮಿಟ್ ಹೇಳಿದ್ದನ್ನು ಒಪ್ಪಲಿಲ್ಲ. ಅವರದ್ದೇ ಕ್ಯಾಲ್‌ಟೆಕ್‌ನಲ್ಲಿ ಬಂದು ಅವರ ಕೆಲಸವನ್ನು ಹಗುರ ಮಾಡುವ ಭಾಷಣ ಆಯಿತಂತೆ. ಅಲ್ಲಿಯವರೆಗೆ ಇದೊಂದು ಮುಗಿಸಿ ವಾಪಸ್ ಹಣ್ಣಿನ ವಾಸನೆಗೆ ಹೋಗೋಣ ಅಂತಿದ್ದ ಮನುಷ್ಯ ಅವತ್ತಿನಿಂದ ಪೂರ್ತಿಯಾಗಿ ಹೊಗೆಯ ಹಿಂದೆ ಬಿದ್ದರು. 1950ರ ದಶಕದ ಮಧ್ಯಕ್ಕೆ ಬೇರೆ ಲ್ಯಾಬ್‌ಗಳಿಗೂ ಅದೇ ಫಲಿತಾಂಶ ಸಿಕ್ಕಿತು, ವಾದ ಮುಗಿಯಿತು. ರಿಫೈನರಿಗಳು ಆವಿ ಸೋರದಂತೆ ಟ್ಯಾಂಕ್ ಸರಿಮಾಡಿದವು, 1957ರಲ್ಲಿ ಹಿತ್ತಲಲ್ಲಿ ಕಸ ಸುಡೋದು ನಿಂತಿತು. ಉಳಿದದ್ದು ಕಾರು.

ಇಲ್ಲಿಂದ ಮುಂದೆ ಅವರ ಜೀವನ ಲ್ಯಾಬ್ ಬಿಟ್ಟು ಸರ್ಕಾರಿ ಮೀಟಿಂಗ್ ಕಡೆಗೆ ಹೊರಟಿತು. 1960ರಲ್ಲಿ ಕ್ಯಾಲಿಫೋರ್ನಿಯಾ ವಾಹನ ಮಾಲಿನ್ಯಕ್ಕೆ ಒಂದು ಮಂಡಳಿ ಮಾಡಿತು, ಅವರು ಅದರಲ್ಲಿ ಸದಸ್ಯರು. ಮೊದಲು ಬಂದದ್ದು ಸುಲಭದ ಭಾಗ. ಪಿಸ್ಟನ್ ರಿಂಗ್ ದಾಟಿ ಕ್ರ್ಯಾಂಕ್‌ಕೇಸಿಗೆ ಇಳಿಯುವ ಗ್ಯಾಸನ್ನು ಆಗ ನೇರವಾಗಿ ರಸ್ತೆಗೆ ಬಿಡ್ತಿದ್ದರು. ಪಿಸಿವಿ ವಾಲ್ವ್ ಹಾಕಿ ಅದನ್ನು ವಾಪಸ್ ಎಂಜಿನ್ನಿಗೆ ಕಳಿಸಿದರೆ ಸಾಕು. ಇದು ಕಾರಿನ ಓಟಕ್ಕೆ ಏನೂ ತೊಂದರೆ ಕೊಡೋದಿಲ್ಲ, ಎಂಜಿನ್ ಆಯಿಲ್‌ಗೆ ಒಳ್ಳೆಯದೇ. ನಾವು ಇವತ್ತು ಓಡಿಸುವ ಪೆಟ್ರೋಲ್ ಕಾರುಗಳಲ್ಲೂ ಅದು ಇದೆ.

ಎರಡನೇ ಹೆಜ್ಜೆ 1966ರ ಮಾಡೆಲ್‌ಗಳದ್ದು. ಕ್ಯಾಲಿಫೋರ್ನಿಯಾದಲ್ಲಿ ಮಾರುವ ಹೊಸ ಕಾರು ಇಷ್ಟಕ್ಕಿಂತ ಹೆಚ್ಚು ಹೈಡ್ರೋಕಾರ್ಬನ್, ಕಾರ್ಬನ್ ಮೊನಾಕ್ಸೈಡ್ ಬಿಡಬಾರದು ಅಂತ ನಿಯಮ ಬಂತು. ಉಳಿದ ದೇಶಕ್ಕೆ ಅಂಥ ನಿಯಮ ಬಂದದ್ದು 1968ರ ಮಾಡೆಲ್‌ಗಳಿಗೆ. ಅಂದರೆ ಎರಡು ವರ್ಷ, ಒಂದೇ ಕಾರಿನಲ್ಲಿ ಎರಡು ಜಾತಿ. ಕಂಪನಿಗಳು ಮಾಡಿದ್ದೇನು? ಕಾರ್ಬ್ಯುರೇಟರ್ ಮಿಶ್ರಣವನ್ನು ತೆಳು ಮಾಡಿದರು, ಐಡಲ್‌ನಲ್ಲಿ ಸ್ಪಾರ್ಕ್ ತಡ ಮಾಡಿದರು, ಕೆಲವರು ಎಕ್ಸಾಸ್ಟ್‌ಗೆ ಗಾಳಿ ತಳ್ಳುವ ಪಂಪ್ ಕೂರಿಸಿದರು. ಹೈಡ್ರೋಕಾರ್ಬನ್ ಇಳಿಯಿತು.

ಐಸಿ ಎಂಜಿನ್ಸ್ ಓದಿದವರಿಗೆ ಮುಂದೆ ಏನಾಗುತ್ತೆ ಅಂತ ಗೊತ್ತೇ ಇದೆ. ಪೆಟ್ರೋಲ್‌ಗೆ ಸರಿಯಾದ ಅನುಪಾತ ಸುಮಾರು 14.7 ಭಾಗ ಗಾಳಿಗೆ 1 ಭಾಗ ಇಂಧನ. ಅದಕ್ಕಿಂತ ಸ್ವಲ್ಪ ತೆಳು ಮಾಡಿದರೆ, ಸುಮಾರು 16ರ ಹತ್ತಿರ, ಹೈಡ್ರೋಕಾರ್ಬನ್ ಕಡಿಮೆ, ಕಾರ್ಬನ್ ಮೊನಾಕ್ಸೈಡ್ ಕಡಿಮೆ, ಆದರೆ ನಾಕ್ಸ್ ಶಿಖರಕ್ಕೆ ಹೋಗುತ್ತೆ. ಸಿಲಿಂಡರ್ ಒಳಗೆ ಬಿಸಿಯೂ ಇದೆ, ಹೆಚ್ಚುವರಿ ಆಕ್ಸಿಜನ್ನೂ ಇದೆ, ನೈಟ್ರೋಜನ್‌ಗೆ ಇನ್ನೇನು ಬೇಕು? ಹಾಗಾಗಿ 1966ರಿಂದ 1970ರವರೆಗಿನ ಕಾರುಗಳು ಹಳೆಯ ಕಾರುಗಳಿಗಿಂತ ಹೆಚ್ಚು ನಾಕ್ಸ್ ಬಿಡ್ತಿದ್ದವು. ಓಝೋನ್‌ಗೆ ಬೇಕಾದ ಎರಡು ಪದಾರ್ಥಗಳಲ್ಲಿ ಒಂದನ್ನು ಇಳಿಸೋಕೆ ಹೋಗಿ ಇನ್ನೊಂದನ್ನು ಏರಿಸಿದ ಹಾಗಾಯ್ತು. ನಾಕ್ಸ್‌ಗೆ ಮಿತಿ ಬಂದದ್ದು ಕ್ಯಾಲಿಫೋರ್ನಿಯಾದ 1971ರ ಮಾಡೆಲ್‌ಗಳಿಂದ.

ಈ ನಡುವೆ 1967ರಲ್ಲಿ ಎರಡು ಕಾನೂನು ಬಂದವು. ರಾಜ್ಯದ ಕಾನೂನಿನಿಂದ ಹಳೆಯ ಮಂಡಳಿಯ ಜಾಗದಲ್ಲಿ ಏರ್ ರಿಸೋರ್ಸಸ್ ಬೋರ್ಡ್ ಹುಟ್ಟಿತು, ಗವರ್ನರ್ ರೊನಾಲ್ಡ್ ರೇಗನ್ ಸಹಿ ಹಾಕಿದರು, ಹಾಗೆನ್-ಸ್ಮಿಟ್ ಅದರ ಮೊದಲ ಅಧ್ಯಕ್ಷರಾದರು. ಕೇಂದ್ರದ ಕಾನೂನು ವಾಹನದ ಹೊಗೆಯ ಮಿತಿ ಹಾಕುವ ಅಧಿಕಾರವನ್ನು ರಾಜ್ಯಗಳಿಂದ ತೆಗೆದು ಕ್ಯಾಲಿಫೋರ್ನಿಯಾಗೆ ಮಾತ್ರ ವಿನಾಯಿತಿ ಕೊಟ್ಟಿತು, ಯಾಕಂದರೆ ಅಲ್ಲಿ ಮೊದಲೇ ನಿಯಮ ಇತ್ತು, ಸಮಸ್ಯೆಯೂ ಬೇರೆ ಥರದ್ದಿತ್ತು. ಮೊದಲು ಹೇಳಿದ ಕಾರ್ವೆಟ್ ಕಥೆಯ ಬೇರು ಇಲ್ಲಿದೆ.

ಅಧ್ಯಕ್ಷರ ಎದುರಿಗೆ ಈಗ ನಿಜವಾದ ಕಷ್ಟ ಬಂತು. ಹೊಸ ಕಾರಿಗೆ ನಿಯಮ ಹಾಕಿದರೆ ಕಂಪನಿ ಜೊತೆ ಜಗಳ, ಅಷ್ಟೇ. ರಸ್ತೆ ಮೇಲೆ ಆಗಲೇ ಓಡ್ತಿರುವ ಲಕ್ಷಗಟ್ಟಲೆ ಹಳೇ ಕಾರುಗಳಿಗೆ ಏನು ಮಾಡೋದು? ಅವು ಹತ್ತು ಹದಿನೈದು ವರ್ಷ ಓಡ್ತಾವೆ, ಅವುಗಳ ಹೊಗೆ ಕಾಯೋದಿಲ್ಲ. 1970ರ ದಶಕದ ಆರಂಭದಲ್ಲಿ ಹಳೇ ಕಾರಿಗೆ ಹೊರಗಿನಿಂದ ಕೂರಿಸುವ ಕಿಟ್‌ಗಳ ನಿಯಮ ಬಂತು. 1966ರಿಂದ 1970ರ ಕಾರುಗಳಿಗೆ ನಾಕ್ಸ್ ಇಳಿಸುವ ಕಿಟ್. ಅದರಲ್ಲಿ ಅಗ್ಗದ್ದು, ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಅಡ್ವಾನ್ಸ್ ಪೈಪನ್ನು ಕಡಿದುಹಾಕುವ ಉಪಕರಣ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಮಾಲೀಕರ ಹೊಟ್ಟೆ ಉರಿದದ್ದು ಇಲ್ಲೇ. ಹೈವೇಯಲ್ಲಿ ಆಕ್ಸಿಲರೇಟರ್ ಹಗುರವಾಗಿ ಒತ್ತಿ ಹೋಗ್ತಿರುವಾಗ ಸಿಲಿಂಡರ್‌ಗೆ ಬರುವ ಮಿಶ್ರಣ ವಿರಳವಾಗಿರುತ್ತೆ, ನಿಧಾನವಾಗಿ ಉರಿಯುತ್ತೆ. ಹಾಗಾಗಿ ಸ್ಪಾರ್ಕ್ ಬೇಗ ಕೊಡಬೇಕು. ಮ್ಯಾನಿಫೋಲ್ಡ್‌ನ ವ್ಯಾಕ್ಯೂಮ್ ಬಳಸಿ ಆ ಕೆಲಸ ತಾನಾಗಿ ಆಗುವ ಹಾಗೆ ಡಿಸ್ಟ್ರಿಬ್ಯೂಟರ್‌ನಲ್ಲಿ ಏರ್ಪಾಡು ಇರುತ್ತೆ. ಆ ಪೈಪ್ ತೆಗೆದರೆ ಸ್ಪಾರ್ಕ್ ತಡವಾಗುತ್ತೆ, ಸಿಲಿಂಡರ್‌ನ ಗರಿಷ್ಠ ಒತ್ತಡ ಮತ್ತು ಉಷ್ಣತೆ ಇಳಿಯುತ್ತೆ, ನಾಕ್ಸ್ ಇಳಿಯುತ್ತೆ. ಎಕ್ಸಾಸ್ಟ್ ಬಿಸಿಯಾಗಿ ಹೋಗೋದರಿಂದ ಉಳಿದ ಹೈಡ್ರೋಕಾರ್ಬನ್ನೂ ದಾರಿಯಲ್ಲಿ ಸುಡುತ್ತೆ. ಆದರೆ ಪಿಸ್ಟನ್ ತಳ್ಳಬೇಕಿದ್ದ ಶಕ್ತಿ ಹೀಗೆ ಸೈಲೆನ್ಸರ್ ಮತ್ತು ರೇಡಿಯೇಟರ್ ಪಾಲಾಗುತ್ತೆ. ಮೈಲೇಜ್ ಬೀಳುತ್ತೆ, ಪಿಕಪ್ ಸಪ್ಪೆ ಆಗುತ್ತೆ, ಬಿಸಿಲಲ್ಲಿ ಟ್ರಾಫಿಕ್‌ನಲ್ಲಿ ನಿಂತರೆ ಎಂಜಿನ್ ಕಾಯುತ್ತೆ. ಅದಕ್ಕೇ ಕಿಟ್‌ಗಳಲ್ಲಿ ಒಂದು ಥರ್ಮಲ್ ಸ್ವಿಚ್ ಇರುತ್ತಿತ್ತು, ಕೂಲೆಂಟ್ ತುಂಬಾ ಕಾದರೆ ವ್ಯಾಕ್ಯೂಮ್ ವಾಪಸ್ ಬರುವ ಹಾಗೆ.

ಹಳೇ ಕಾರು ಇಟ್ಟುಕೊಂಡವರು ಯಾರು? ಹೊಸದು ಕೊಳ್ಳೋಕೆ ದುಡ್ಡಿಲ್ಲದವರು. ಅವರ ಹತ್ತಿರವೇ ದುಡ್ಡು ಹಾಕಿಸಿ ಅವರ ಗಾಡಿಯನ್ನೇ ಮೊದಲಿಗಿಂತ ಮಂದ ಮಾಡೋದು. ಇನ್ನೊಂದು ಕಡೆ, ಆ ಕಾರುಗಳನ್ನು ಹಾಗೇ ಬಿಟ್ಟರೆ ಕಣ್ಣುರಿ, ಉಸಿರಾಟದ ತೊಂದರೆ ಊರಿಗೆಲ್ಲ, ಅದರಲ್ಲಿ ಬಡವರಿಗೂ. ಈ ಲೆಕ್ಕ ಯಾವ ಫ್ಲಾಸ್ಕ್‌ನಲ್ಲೂ ಬಗೆಹರಿಯೋದಿಲ್ಲ. ಕೆಮಿಸ್ಟ್ರಿ ಪ್ರಕಾರ ಹಾಗೆನ್-ಸ್ಮಿಟ್ ಸರಿ ಇದ್ದರು ಅಂತಲೇ ನಮ್ಮ ಅಭಿಪ್ರಾಯ, ಆದರೆ ಗ್ಯಾರೇಜ್‌ನಲ್ಲಿ ನಿಂತು ಬಿಲ್ ಕಟ್ಟಿದವರ ಸಿಟ್ಟೂ ಸುಳ್ಳಲ್ಲ. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು, ಪೆಟ್ರೋಲ್ ಬಂಕ್ ಮುಂದೆ ಕ್ಯೂ ಹತ್ತಿತು, ಮೈಲೇಜ್ ತಿನ್ನುವ ಕಿಟ್ ಅಂದರೆ ಯಾರಿಗೆ ತಾನೇ ಇಷ್ಟ ಆಗುತ್ತೆ? ಅದೇ ವರ್ಷ ಅವರ ಅಧ್ಯಕ್ಷಗಿರಿಯೂ ಮುಗಿಯಿತು. ಅದೇ ವರ್ಷವೇ ಅಮೆರಿಕದ ನ್ಯಾಷನಲ್ ಮೆಡಲ್ ಆಫ್ ಸೈನ್ಸ್ ಬಂತು. ಕಿಟ್ ನಿಯಮವನ್ನು ಮುಂದೆ ಸಡಿಲಿಸಿದರು.

ನಮ್ಮಲ್ಲೂ ಹೀಗೇ ಊರಿಗೊಂದು ಕಾರು ಇದ್ದ ಕಾಲ ಇತ್ತು ಅನ್ನೋದು ನಮ್ಮ ಕ್ಯಾಂಪಸ್‌ನಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. 1995ರ ಏಪ್ರಿಲ್‌ನಿಂದ ದೆಹಲಿ, ಮುಂಬೈ, ಕಲ್ಕತ್ತ, ಮದ್ರಾಸ್‌ನ ಹೊಸ ಕಾರುಗಳಿಗೆ ಮಾತ್ರ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯ ಆಯ್ತು, ಬೆಂಗಳೂರು ಆ ಪಟ್ಟಿಯಲ್ಲಿರಲಿಲ್ಲ. ಕನ್ವರ್ಟರ್ ಇರುವ ಕಾರಿಗೆ ಸೀಸ ಇರುವ ಪೆಟ್ರೋಲ್ ಹಾಕಿದರೆ ಅದರ ಒಳಗಿನ ಪ್ಲ್ಯಾಟಿನಂ ಪದರ ಸತ್ತು ಹೋಗುತ್ತೆ, ಹಾಗಾಗಿ ಮದ್ರಾಸ್ ಕಾರನ್ನು ಸೀಸದ ಪೆಟ್ರೋಲ್ ಮಾತ್ರ ಸಿಗುವ ಊರಿಗೆ ತಂದು ಓಡಿಸಿದರೆ ಕನ್ವರ್ಟರ್ ಇದ್ದೂ ಇಲ್ಲದ ಹಾಗೆ. 2010ರ ಏಪ್ರಿಲ್‌ನಲ್ಲಿ ಬಿಎಸ್-4 ಬಂದಾಗ ಬೆಂಗಳೂರು ಸೇರಿ 13 ನಗರಗಳಿಗೆ ಮಾತ್ರ ಅನ್ವಯ, ಹುಬ್ಬಳ್ಳಿ, ಮೈಸೂರಲ್ಲಿ ಬಿಎಸ್-3 ಗಾಡಿಯೇ ನಡೀತಿತ್ತು. ದೇಶಕ್ಕೆಲ್ಲ ಒಂದೇ ನಿಯಮ ಆದದ್ದು 2017ರಲ್ಲಿ. ಆ ಏಳು ವರ್ಷದ ಗಾಡಿ ಸೆಕೆಂಡ್ ಹ್ಯಾಂಡ್ ಕೊಳ್ಳೋರು ಆರ್‌ಸಿಯಲ್ಲಿ ಇಸವಿ ಜೊತೆ ಯಾವ ಬಿಎಸ್ ಅಂತಲೂ ನೋಡಬೇಕು.

ಹಾಗೆನ್-ಸ್ಮಿಟ್ 1977ರ ಮಾರ್ಚ್ 17ರಂದು ಪ್ಯಾಸಡೀನಾದಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ವೋಲ್ವೊ ಕಂಪನಿ ಆ ವರ್ಷದ ಮಾಡೆಲ್ ಆಗಿ ಕ್ಯಾಲಿಫೋರ್ನಿಯಾದಲ್ಲಿ ಮಾರಾಟಕ್ಕೆ ತಂದಿದ್ದ ಕಾರಿನಲ್ಲಿ ಎಕ್ಸಾಸ್ಟ್‌ನಲ್ಲಿ ಆಕ್ಸಿಜನ್ ಅಳೆಯುವ ಸೆನ್ಸರ್ ಮತ್ತು ತ್ರೀ-ವೇ ಕ್ಯಾಟಲಿಟಿಕ್ ಕನ್ವರ್ಟರ್ ಎರಡೂ ಇದ್ದವು. ಮಿಶ್ರಣವನ್ನು 14.7ರ ಆಸುಪಾಸಿನಲ್ಲೇ ಹಿಡಿದಿಟ್ಟರೆ ಹೈಡ್ರೋಕಾರ್ಬನ್, ಕಾರ್ಬನ್ ಮೊನಾಕ್ಸೈಡ್, ನಾಕ್ಸ್ ಮೂರನ್ನೂ ಒಟ್ಟಿಗೆ ಇಳಿಸಬಹುದು, ಸ್ಪಾರ್ಕ್ ಕೊಲ್ಲಬೇಕಾಗಿಲ್ಲ. ಹತ್ತು ವರ್ಷ ಅವರ ಮಂಡಳಿಯನ್ನು ಕಾಡಿದ ಒಂದನ್ನು ಇಳಿಸಿದರೆ ಇನ್ನೊಂದು ಏರುತ್ತೆ ಅನ್ನುವ ಸಮಸ್ಯೆಗೆ ಉತ್ತರ ಅದೇ. ಕಾರ್ಬ್ಯುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂದಮೇಲೆ ಪವರ್ ಕೂಡ ವಾಪಸ್ ಬಂತು.

ಎಲ್ ಮಾಂಟೆ ಊರಿನಲ್ಲಿ ಏರ್ ರಿಸೋರ್ಸಸ್ ಬೋರ್ಡ್‌ನ ಪರೀಕ್ಷಾ ಲ್ಯಾಬ್‌ಗೆ ಅವರ ಹೆಸರಿಟ್ಟರು. ಡೈನಮೊಮೀಟರ್ ರೋಲರ್ ಮೇಲೆ ಕಾರು ನಿಲ್ಲಿಸಿ ಹೊಗೆ ಅಳೆಯುತ್ತಿದ್ದ ಜಾಗ ಅದು. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದವರು ರಸ್ತೆ ಮೇಲೆ ಅಳೆದು ಅನುಮಾನ ಹುಟ್ಟಿಸಿದ ಮೇಲೆ, ಫೋಕ್ಸ್‌ವ್ಯಾಗನ್ ಡೀಸೆಲ್ ಕಾರುಗಳನ್ನು ಬಿಡದೆ ಮತ್ತೆ ಮತ್ತೆ ಪರೀಕ್ಷೆ ಮಾಡಿದ್ದು ಈ ಲ್ಯಾಬ್‌ನವರೇ. ಟೆಸ್ಟ್ ನಡೀತಿದೆ ಅಂತ ಕಾರಿನ ಸಾಫ್ಟ್‌ವೇರ್‌ಗೆ ಗೊತ್ತಾಗ್ತಿತ್ತು, ರಸ್ತೆಗೆ ಬಂದ ತಕ್ಷಣ ಹೊಗೆ ನಿಯಂತ್ರಣ ಸಡಿಲ ಆಗ್ತಿತ್ತು. 2015ರ ಸೆಪ್ಟೆಂಬರ್‌ನಲ್ಲಿ ಕಂಪನಿ ಸಿಕ್ಕಿಬಿತ್ತು. ಮಿತಿಯ 40 ಪಟ್ಟಿನವರೆಗೂ ಬಿಡ್ತಿದ್ದ ಆ ಅನಿಲ ನಾಕ್ಸ್.